ಮಕ್ಕಳ ಮುಂಗೈ ಮುರಿತ: ಸಿ-ಆರ್ಮ್ ಪೆಡಲ್ ಮೇಲಿನ ಹಠ

‘ಇಷ್ಟು ಸಲ ಎಕ್ಸ್‌ರೇ ಹೊಡೆದರೆ ಮಗುವಿಗೆ ಏನೂ ಆಗಲ್ವಾ ಡಾಕ್ಟ್ರೇ?’ ಮುಂಗೈಯ ಎರಡೂ ಮೂಳೆ ಮುರಿದ ಮಗುವಿನ ಹೆತ್ತವರು ಕೇಳುವ ಪ್ರಶ್ನೆ ಇದು. ಆಪರೇಷನ್ ನಡುವೆ ಕಾಲಲ್ಲಿ ಪೆಡಲ್ ಒತ್ತಿದಾಗಲೆಲ್ಲ ಎಕ್ಸ್‌ರೇ ಚಿತ್ರ ತೋರಿಸುವ ಯಂತ್ರವೇ ಸಿ-ಆರ್ಮ್. ಮುಂಗೈ ತೆಳು, ಎದೆ–ಹೊಟ್ಟೆಯಿಂದ ದೂರ. ಮಗುವಿಗೆ ತಗಲುವುದು ಅಲ್ಪವೇ. ದಿನವೂ ಯಂತ್ರದ ಪಕ್ಕದಲ್ಲೇ ನಿಲ್ಲುವ ವೈದ್ಯರು, ಸಿಬ್ಬಂದಿಯ ಬೆರಳು, ಕಣ್ಣು, ಥೈರಾಯ್ಡ್‌ನ ಲೆಕ್ಕ ಬೇರೆ.

ಮುರಿದ ಮೂಳೆಯೊಳಗೆ ಎಲಾಸ್ಟಿಕ್ ನೇಲ್ (ಬಾಗುವ ಲೋಹದ ಸಲಾಕೆ) ಹಾಕುವಾಗ ಹೆಬ್ಬೆರಳ ಬದಿಯ ಮೂಳೆ ರೇಡಿಯಸ್‌ಗೆ ಮಣಿಕಟ್ಟಿನ ಬೆಳವಣಿಗೆ ಫಲಕದಿಂದ (ಮೂಳೆ ಉದ್ದ ಬೆಳೆಯುವ ಜಾಗ) ಸುಮಾರು 2 ಸೆಂ.ಮೀ. ಮೇಲೆ, ಕಿರುಬೆರಳ ಬದಿಯ ಅಲ್ನಾಗೆ ಮೊಣಕೈ ಕಡೆಯಿಂದ ರಂಧ್ರ ಕೊರೆಯುತ್ತೇವೆ. ಇದಕ್ಕೆ ಒಂದೆರಡು ಚಿತ್ರ ಸಾಕು. ಮುರಿತದ ತನಕ ನೇಲ್ ಸಾಗುವುದು ಕೈಗೇ ಗೊತ್ತಾಗುತ್ತದೆ, ಪೆಡಲ್ ಒತ್ತಬೇಕಿಲ್ಲ. ಕಿರಣ ಸುರಿಯುವುದು ಮುರಿತ ದಾಟಿಸುವಾಗ. ತುಂಡುಗಳ ನಡುವೆ ಸ್ನಾಯು ಸಿಕ್ಕಿದ್ದರೆ ನೇಲ್‌ನ ತುದಿ ಪ್ರತಿ ಸಲವೂ ಪಕ್ಕಕ್ಕೆ ಜಾರುತ್ತದೆ. ‘ಇನ್ನೊಂದೇ ಸಲ’ ಎನ್ನುತ್ತಾ ಕಾಲು ಪೆಡಲ್ ಬಿಡುವುದಿಲ್ಲ. ಎರಡು–ಮೂರು ಯತ್ನಕ್ಕೆ ದಾಟದಿದ್ದರೆ 2–3 ಸೆಂ.ಮೀ. ಸೀಳಿ, ಕಣ್ಣಾರೆ ನೋಡಿ ಕೂಡಿಸುವುದೇ ವಾಸಿ. ಸಣ್ಣ ಗಾಯದ ಗುರುತಿಗೆ ಹೆದರಿ ಮತ್ತೆ ಮತ್ತೆ ಚುಚ್ಚಿದರೆ ಸ್ನಾಯು ಊದಿ, ಒಳಗಿನ ಒತ್ತಡಕ್ಕೆ ರಕ್ತ ಹರಿವು ಕುಗ್ಗುವ ಕಂಪಾರ್ಟ್‌ಮೆಂಟ್ ಸಿಂಡ್ರೋಮ್‌ಗೂ ದಾರಿಯಾಗುತ್ತದೆ. ಒಟ್ಟು ಐದು ನಿಮಿಷ ಕಿರಣ ಬಿಟ್ಟಾಗಲೆಲ್ಲ ಕೂಗುವ ಸಿ-ಆರ್ಮ್ ಅಲಾರಂ ಅನ್ನು ಬಾಯಿ ಮುಚ್ಚಿಸುವುದು ಎಲ್ಲೆಡೆ ಅಭ್ಯಾಸ. ಎಷ್ಟನೇ ಯತ್ನಕ್ಕೆ ಸೀಳುವುದೆಂದು ಮೊದಲೇ ಹೇಳಿಟ್ಟ ತಂಡಕ್ಕೆ ಅದು ಕೇಳಿಸುವುದೇ ಅಪರೂಪ.

ಯಂತ್ರವನ್ನು ನಿಲ್ಲಿಸುವ ರೀತಿಯೂ ಮುಖ್ಯ. ಕಿರಣ ಹೊರಡುವ ಟ್ಯೂಬ್ ಕೆಳಗಿರಲಿ, ಮಗುವಿನ ಕೈಯಿಂದ ದೂರ. ಚಿತ್ರ ಹಿಡಿಯುವ ತಲೆ ಮೇಲಿರಲಿ, ಕೈಗೆ ತಾಗುವಷ್ಟು ಹತ್ತಿರ. ಚದುರುವ ಕಿರಣ ಟ್ಯೂಬ್ ಇರುವ ಬದಿಗೇ ಹೆಚ್ಚು. ಟ್ಯೂಬ್ ಮೇಲಾದರೆ ಅದು ನೇರ ಮುಖಕ್ಕೆ. ಬಿಂಬ ದೊಡ್ಡದು ಮಾಡುವ ಮ್ಯಾಗ್ನಿಫಿಕೇಷನ್ ಗುಂಡಿ ಡೋಸ್ ಏರಿಸುತ್ತದೆ. ಅದರ ಬದಲು ಕಿರಣದ ಅಗಲ ಕಡಿಮೆ ಮಾಡುವ ಕೊಲಿಮೇಟರ್ ಕಿರಿದು ಮಾಡಿ, ಕಿರಣವನ್ನು ಬಿಟ್ಟು ಬಿಟ್ಟು ಹೊಡೆಯುವ ಪಲ್ಸ್ ಮೋಡ್ ಹಾಕಿ, ಪರದೆಯಲ್ಲಿ ಉಳಿದ ಕೊನೆಯ ಚಿತ್ರವನ್ನೇ ನೋಡಿ. ಸೀಸದ ಗ್ಲೌಸ್ ತೊಟ್ಟು ಕಿರಣದೊಳಗೆ ಕೈಯಿಟ್ಟರೆ ಚಿತ್ರದ ಬೆಳಕನ್ನು ತಾನೇ ಹೊಂದಿಸುವ ಆಟೋ ಬ್ರೈಟ್‌ನೆಸ್ ‘ಚಿತ್ರ ಕಪ್ಪಾಯಿತು’ ಎಂದು ಕಿರಣ ಹೆಚ್ಚಿಸುತ್ತದೆ: ಗ್ಲೌಸ್ ಉಳಿಸಿದ್ದನ್ನು ಯಂತ್ರವೇ ಹಾಳು ಮಾಡುತ್ತದೆ, ಮಗುವಿನ ಪಾಲೂ ಏರುತ್ತದೆ. ಪೆಡಲ್ ಒತ್ತುವ ಮುನ್ನ ಕೈ ಹಿಂದೆಗೆಯಿರಿ, ಒಂದು ಹೆಜ್ಜೆ ಸರಿಯಿರಿ. ದೂರ ಇಮ್ಮಡಿಯಾದರೆ ಡೋಸ್ ಕಾಲುಭಾಗ.

ಭಾರತದಲ್ಲಿ ಕಿರಣದ ಕೆಲಸ ಮಾಡುವವರಿಗೆ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಇಟ್ಟಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣ ಡೋಸ್‌ನ ಅಳತೆ), ಯಾವುದೇ ಒಂದು ವರ್ಷ 30 ದಾಟುವಂತಿಲ್ಲ. ಇದನ್ನು ಅಳೆಯುವ ಟಿಎಲ್‌ಡಿ ಬ್ಯಾಡ್ಜ್ (ತಗಲಿದ ಡೋಸ್ ದಾಖಲಿಸುವ ಪಟ್ಟಿ) ಸೀಸದ ಏಪ್ರನ್ ಒಳಗೆ ಎದೆಯ ಮೇಲಿರಬೇಕು, ಲಾಕರ್‌ನಲ್ಲಲ್ಲ. ಏಪ್ರನ್ ಅನ್ನು ಮಡಚಿ ಸ್ಟೂಲ್ ಮೇಲೆ ಎಸೆಯಬೇಡಿ, ಹ್ಯಾಂಗರ್‌ಗೆ ತೂಗುಹಾಕಿ. ಮಡಿಕೆಯಲ್ಲಿ ಸೀಸ ಬಿರಿದರೆ ಹೊರಗಿನ ಬಟ್ಟೆ ಏನೂ ಹೇಳದು. ವರ್ಷಕ್ಕೊಮ್ಮೆ ಅದನ್ನೇ ಸಿ-ಆರ್ಮ್ ಕೆಳಗೆ ಹಾಸಿ ನೋಡಿ, ಬಿರುಕು ಬೆಳಕಿನ ಗೆರೆಯಾಗಿ ಕಾಣುತ್ತದೆ.