ಬೇಟೆ ಹೊತ್ತಿಗೆ ನಾಯಿ ಎಲ್ಲಿಗೆ ಹೋಯ್ತು?

ಚಳ್ಳಕೆರೆ ಕಡೆಯ ಒಂದು ಹಟ್ಟಿಯಲ್ಲಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದೆವು. ಬೆಳಿಗ್ಗೆ ಏಳು ಗಂಟೆ ಇರಬಹುದು. ಕುರಿ ಹಿಂಡು ಮೇವಿಗೆ ಹೊರಡುವ ಹೊತ್ತು. ಒಬ್ಬ ಹುಡುಗ ಮಂದೆಯ ನಾಯಿಗೆ ಎರಡು ರಾಗಿ ಮುದ್ದೆ ಮುರಿದು, ಮೇಲೆ ಮಜ್ಜಿಗೆ ಸುರಿದು ಇಟ್ಟ. ಕಟ್ಟೆ ಮೇಲೆ ಕೂತಿದ್ದ ಅಜ್ಜ ಗದರಿದರು: "ಲೇ, ಈಗ್ಯಾಕೆ ಅಷ್ಟೊಂದು ಹಾಕ್ತೀಯೋ? ಬೇಟೆ ಹೊತ್ತಿಗೆ ನಾಯಿ ಹೇಲಕ್ಕೆ ಹೋಯ್ತಂತೆ, ಕೇಳಿಲ್ವಾ?"

ಗಾದೆ ಸ್ವಲ್ಪ ಒರಟು, ಕ್ಷಮಿಸಿ. ಕೆಲಸದ ಹೊತ್ತಿಗೆ ಕೈಕೊಡುವ ಮನುಷ್ಯರಿಗೆ ನಾವು ಇದನ್ನು ಹೇಳುತ್ತೇವೆ. ಅಜ್ಜ ನಾಯಿಗೇ ಹೇಳಿದರು. ಪಶುವೈದ್ಯನಾದ ನನಗೆ ಅದು ಅಕ್ಷರಶಃ ಸರಿ ಅನಿಸಿತು. ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ಅಲುಗಾಡಲು ಶುರು ಮಾಡುತ್ತದೆ. ಅದರ ಮೇಲೆ ಓಡಿದರೆ ಇನ್ನೂ ಜೋರು. ತುಂಬಿದ ಹೊಟ್ಟೆಯ ನಾಯಿ ಮೊದಲ ಅರ್ಧ ಗಂಟೆ ಪೊದೆ ಹುಡುಕುವುದರಲ್ಲೇ ಕಳೆಯುತ್ತದೆ.

ಅಜ್ಜ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಸಂಜೆಗೂ ಒಂದೇ ಮುದ್ದೆ ಸಾಕು ಸಾರ್. ಹಸಿದ ನಾಯೇ ಚುರುಕು" ಅಂದರು. ನಾಯಿಯ ಬೆನ್ನ ಮೇಲೆ ಕೈ ಆಡಿಸಿದೆ. ಬೆನ್ನುಮೂಳೆಯ ಗಂಟುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹೊಟ್ಟೆ ಖಾಲಿ ಇರುವುದು ಬೇರೆ, ನಾಯಿ ಉಪವಾಸ ಬೀಳುವುದು ಬೇರೆ. ದುಡಿಯುವ ನಾಯಿಗೆ ಖಾಲಿ ಹೊಟ್ಟೆ ಬೇಕಾಗಿರುವುದು ದುಡಿಯುವ ಕೆಲವು ಗಂಟೆ ಮಾತ್ರ. ಉಳಿದ ಹೊತ್ತಿನಲ್ಲಿ ಅದಕ್ಕೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬೇಕು.

ನಮ್ಮ ಕಡೆ ಇವನ್ನು ಈಗಲೂ ಬೇಟೆ ನಾಯಿ ಅಂತಲೇ ಕರೆಯುತ್ತಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲಕ್ಕೋ ಹಂದಿಗೋ ನಾಯಿ ಬಿಡುವುದು ಅಪರಾಧ. ಅದಕ್ಕೆ ನಾಯಿ ತಯಾರು ಮಾಡಿಕೊಡಿ ಅಂತ ಬರುವವರನ್ನು ನಾನು ವಾಪಸ್ ಕಳಿಸುತ್ತೇನೆ. ಹಾಗಂತ ನಾಯಿಗೆ ಕೆಲಸವೇನೂ ಕಡಿಮೆಯಾಗಿಲ್ಲ. ಚಿತ್ರದುರ್ಗದ ಬಯಲಲ್ಲಿ ತೋಳದಿಂದ ಕುರಿ ಕಾಯಬೇಕು. ದಾವಣಗೆರೆ ಕಡೆ ರಾತ್ರಿಯೆಲ್ಲ ಮೆಕ್ಕೆಜೋಳದ ಹೊಲದಲ್ಲಿ ಹಂದಿ ಬಾರದಂತೆ ಬೊಗಳಬೇಕು, ಅಂಚಿನುದ್ದಕ್ಕೂ ಓಡಬೇಕು. ನಾಯಿಗೂ ಹಂದಿಗೂ ಇರುವ ಜಗಳ ನಮ್ಮ ನಾಡಿನಲ್ಲಿ ಕಲ್ಲಿಗೇ ಏರಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಪ್ರಕಾರ, ಸುಮಾರು 950ರಲ್ಲಿ, ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಆ ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಾಳಿಗೆ ಆ ದಿನ ಯಾವ ಹೊತ್ತಿಗೆ ಊಟ ಹಾಕಿದ್ದರು ಅಂತ ಶಾಸನದಲ್ಲಿ ಬರೆದಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು.

ಹೊತ್ತಿನ ವಿಷಯ ನನಗೆ ಇಷ್ಟು ಮುಖ್ಯವಾಗಲು ಒಂದು ಕಾರಣವಿದೆ. ಎರಡು ವರ್ಷದ ಹಿಂದೆ, ಗಣಪತಿ ಹಬ್ಬ ಮುಗಿದ ವಾರ, ರಾತ್ರಿ ಹನ್ನೊಂದೂವರೆಗೆ ಜಗಳೂರು ಕಡೆಯಿಂದ ಫೋನು ಬಂತು. "ಸಾರ್, ನಾಯಿ ಹೊಟ್ಟೆ ಡೊಳ್ಳಿನಂಗೆ ಆಗೈತೆ. ವಾಂತಿ ಮಾಡಾಕೆ ಒದ್ದಾಡ್ತೈತೆ, ಏನೂ ಬರ್ತಿಲ್ಲ." ಮುಧೋಳ ಬೆರಕೆಯ ನಾಯಿ, ಎದೆ ಆಳ, ಸೊಂಟ ಸಣ್ಣ. ಮನೆಯವರೆಲ್ಲ ಉಂಡ ಮೇಲೆ ಒಂಬತ್ತು ಗಂಟೆಗೆ ಉಳಿದ ಅನ್ನ, ಮುದ್ದೆ, ಸಾರು ಎಲ್ಲ ಸೇರಿಸಿ ಹಾಕಿದ್ದರು. ಇಡೀ ದಿನ ಹಸಿದಿದ್ದ ನಾಯಿ ಗಬಗಬ ತಿಂದು, ಅರ್ಧ ಬೋಗುಣಿ ನೀರು ಕುಡಿದು, ಯಜಮಾನರ ಹಿಂದೆ ಹೊಲಕ್ಕೆ ಹೋಯಿತು. ಆ ರಾತ್ರಿ ಹಂದಿ ಬೇಗ ಬಂದವು.

ದನಕ್ಕೆ ಹೊಟ್ಟೆ ಉಬ್ಬರಿಸಿದಾಗ ಮಾಡುವ ಹಾಗೆ ನಾಯಿಗೂ ಶೇಂಗಾ ಎಣ್ಣೆ ಕುಡಿಸಿದ್ದರು. ಅದು ಒಳಗೆ ಇಳಿಯುವ ಹಾಗೇ ಇರಲಿಲ್ಲ. ನಾಯಿಗೆ ಆಗಿದ್ದು ಜಠರ ಗಾಳಿ ತುಂಬಿ ತಿರುಚಿಕೊಳ್ಳುವ ಕಾಯಿಲೆ. ಚೀಲವನ್ನು ತುಂಬಿಸಿ ಒಂದು ಸುತ್ತು ತಿರುಗಿಸಿದರೆ ಬಾಯಿ ಹೇಗೆ ಕಟ್ಟಿಕೊಳ್ಳುತ್ತದೋ ಹಾಗೆ. ಮೇಲಿನ ದಾರಿಯೂ ಬಂದ್, ಕೆಳಗಿನದೂ ಬಂದ್. ಗಾಳಿ ಹೆಚ್ಚಿದಂತೆ ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಸೂಜಿ ಚುಚ್ಚಿ ಗಾಳಿ ಬಿಡಬಹುದು, ಆದರೆ ಅದು ಸ್ವಲ್ಪ ಹೊತ್ತಿನ ಮಾತು. ಆಪರೇಷನ್ ಮಾಡಿ ಜಠರವನ್ನು ನೇರ ಮಾಡಿ ಹೊಲಿಯಲೇಬೇಕು. ಆ ನಾಯಿ ಆಪರೇಷನ್ ಆಗುವ ಊರು ಮುಟ್ಟಲಿಲ್ಲ.

ಎದೆ ಆಳವಿರುವ ನಾಯಿಗಳಲ್ಲಿ, ದಿನಕ್ಕೊಂದೇ ಸಲ ರಾಶಿ ಊಟ ತಿನ್ನುವವುಗಳಲ್ಲಿ, ಗಬಗಬ ನುಂಗುವವುಗಳಲ್ಲಿ, ವಯಸ್ಸಾದವುಗಳಲ್ಲಿ ಈ ಕಾಯಿಲೆ ಜಾಸ್ತಿ. ಆ ಮನೆಯವರು ನಾಯಿಗೆ ಏನೂ ಕಡಿಮೆ ಮಾಡಿದವರಲ್ಲ. ಆದರೆ ನಮ್ಮ ಎಲ್ಲ ಮನೆಗಳಲ್ಲೂ ನಾಯಿಯ ಊಟ ಅಡುಗೆಮನೆಯ ಗಡಿಯಾರದ ಪ್ರಕಾರ ನಡೆಯುತ್ತದೆ. ನಾವು ಉಂಡ ಮೇಲೆ ಅದಕ್ಕೆ. ಅದು ಕೆಲಸಕ್ಕೆ ಹೋಗುವುದು ಯಾವಾಗ ಅಂತ ಯಾರೂ ಲೆಕ್ಕ ಇಡುವುದಿಲ್ಲ.

ಈಗ ಒಳಗಿನ ಲೆಕ್ಕ ಹೇಳುತ್ತೇನೆ. ಗಂಟೆಗಟ್ಟಲೆ ನಡೆಯುವ, ಓಡುವ ನಾಯಿಯ ಸ್ನಾಯುಗಳು ಮುಖ್ಯವಾಗಿ ಕೊಬ್ಬನ್ನು ಉರಿಸುತ್ತವೆ. ಮನುಷ್ಯರಿಗಿಂತ ನಾಯಿ ಈ ವಿಷಯದಲ್ಲಿ ತುಂಬಾ ಮುಂದೆ. ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗಿ ರಕ್ತಕ್ಕೆ ಬರಬೇಕು, ಅಲ್ಲಿಂದ ಸ್ನಾಯುಗೆ ಹೋಗಬೇಕು. ಹೊರಡುವ ಮುಂಚೆ ಒಂದು ಪಾತ್ರೆ ಅನ್ನವೋ ಮುದ್ದೆಯೋ ತಿನ್ನಿಸಿದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಇನ್ಸುಲಿನ್ ಬರುತ್ತದೆ. ಇನ್ಸುಲಿನ್ ಇರುವಷ್ಟು ಹೊತ್ತು ಕೊಬ್ಬಿನ ಉಗ್ರಾಣಕ್ಕೆ ಬೀಗ. ಅದಕ್ಕೇ ಊಟಕ್ಕೂ ಕೆಲಸಕ್ಕೂ ನಡುವೆ ಕಡಿಮೆ ಅಂದರೂ ನಾಲ್ಕು ಗಂಟೆ ಬಿಡಿ ಅನ್ನುತ್ತೇನೆ. ದೊಡ್ಡ ಊಟವಾದರೆ ಎಂಟು ಗಂಟೆ.

ಹಗಲು ಕುರಿ ಹಿಂದೆ ಹೋಗುವ ನಾಯಿ ಆರು ಗಂಟೆಗೆ ಹೊರಡುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಅದಕ್ಕೆ ಯಾರೂ ಊಟ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಬೆಳಿಗ್ಗೆ ನೀರು ಮಾತ್ರ ಸಾಕು. ಮಧ್ಯಾಹ್ನ ಕುರಿ ನೆರಳಿಗೆ ನಿಂತಾಗ ಒಂದು ಬೇಯಿಸಿದ ಮೊಟ್ಟೆ, ನಿಂಬೆ ಗಾತ್ರದ ಎರಡು ತುಂಡು ಮುದ್ದೆ. ಸಂಜೆ ಹಟ್ಟಿಗೆ ಬಂದ ಮೇಲೆ ತೇಕುವುದು ಪೂರ್ತಿ ನಿಲ್ಲಲಿ. ಒಂದು ಗಂಟೆ ಕಾದರೆ ಒಳ್ಳೆಯದು. ಆಮೇಲೆ ದಿನದ ಊಟದ ಮುಕ್ಕಾಲು ಪಾಲು ಹಾಕಿ. ರಾಶಿ ದೊಡ್ಡದಾದರೆ ಎರಡು ಸಲ ಮಾಡಿ, ಏಳಕ್ಕೊಮ್ಮೆ, ಮಲಗುವ ಮುಂಚೆ ಒಮ್ಮೆ. ರಾತ್ರಿಯೂ ಕಾವಲು ಇದ್ದರೆ ಏಳು ಗಂಟೆಯದೇ ದೊಡ್ಡದಿರಲಿ.

ಮೆಕ್ಕೆಜೋಳ ಕಾಯುವ ನಾಯಿಗೆ ಇದೆಲ್ಲ ತಿರುಗುಮುರುಗು. ಅದರ ಸಂಜೆ ಅಂದರೆ ನಮ್ಮ ಬೆಳಿಗ್ಗೆ. ಹೊಲದಿಂದ ಬಂದು, ಆರಿಕೊಂಡ ಮೇಲೆ, ಏಳೆಂಟು ಗಂಟೆಗೆ ದೊಡ್ಡ ಊಟ. ಮಧ್ಯಾಹ್ನ ಮೂರು ನಾಲ್ಕಕ್ಕೆ ಸಣ್ಣದು. ರಾತ್ರಿ ನೀವು ಉಣ್ಣುವಾಗ ಅದು ಬಾಲ ಆಡಿಸುತ್ತಾ ಮುಖ ನೋಡುತ್ತದೆ. ನೋಡಲಿ ಬಿಡಿ.

ಶುದ್ಧ ಮುಧೋಳ ನಾಯಿ ಸಾಕಿದವರು ಒಂದು ತಪ್ಪು ಮಾಡುತ್ತಾರೆ. ನಾಯಿ ಅಷ್ಟು ಜೋರಾಗಿ ಓಡುತ್ತದಲ್ಲ, ಇದಕ್ಕೆ ಎಷ್ಟು ಹಾಕಿದರೂ ಸಾಲದು ಅಂದುಕೊಳ್ಳುತ್ತಾರೆ. ಅದರ ಓಟ ಒಂದೆರಡು ನಿಮಿಷದ ಓಟ. ಆ ಹೊತ್ತಿಗೆ ಖರ್ಚಾಗುವುದು ಸ್ನಾಯುಗಳಲ್ಲಿ ಇರುವ ಪಿಷ್ಟದ ಸಂಗ್ರಹ. ಓಟ ಮುಗಿದ ಅರ್ಧ ಗಂಟೆಯೊಳಗೆ ಒಂದು ಲೋಟ ತೆಳ್ಳಗಿನ ಗಂಜಿ ಕೊಟ್ಟರೆ ಅದು ಬೇಗ ತುಂಬಿಕೊಳ್ಳುತ್ತದೆ. ದಿನದ ಊಟ ಮಾತ್ರ ಮನೆ ಕಾಯುವ ನಾಯಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ನಿಜವಾದ ಹೊಟ್ಟೆಬಾಕ ದಿನವಿಡೀ ಕುರಿ ಹಿಂದೆ ಜಗಳಾಡದೆ ನಡೆಯುವ ಆ ಬಡಪಾಯಿ.

ಎಷ್ಟು ಹಾಕಬೇಕು? 25 ಕೆಜಿ ನಾಯಿ ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 780 ಕ್ಯಾಲೊರಿ ಬೇಕು. ಮನೆ ಮುಂದೆ ಓಡಾಡಿಕೊಂಡಿದ್ದರೆ 1,200 ಚಿಲ್ಲರೆ. ದಿನವಿಡೀ ದುಡಿದರೆ ಮಲಗಿದಾಗಿನ ಎರಡು, ಮೂರು ಪಟ್ಟು. ಅಲಾಸ್ಕಾದ ಹಿಮದಲ್ಲಿ ದಿನಗಟ್ಟಲೆ ಗಾಡಿ ಎಳೆಯುವ ನಾಯಿಗಳ ತೂಕವೂ ಹೆಚ್ಚುಕಡಿಮೆ ಇಷ್ಟೇ. ಅವಕ್ಕೆ ಓಟದ ದಿನಗಳಲ್ಲಿ 10,000 ಕ್ಯಾಲೊರಿವರೆಗೂ ಬೇಕಾಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬಿನಿಂದಲೇ ಬರುತ್ತದೆ. ನಮಗೆ ಅಷ್ಟು ಬೇಡ. 2,000 ಇಟ್ಟುಕೊಳ್ಳೋಣ.

100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ. ಒಂದು ಮುದ್ದೆಗೆ ಇಷ್ಟು ಹಿಟ್ಟು ಹಿಡಿಯುತ್ತದೆ. ಬರೀ ಮುದ್ದೆಯಲ್ಲೇ 2,000 ಮುಟ್ಟಬೇಕಾದರೆ ಆರು ಮುದ್ದೆ ಬೇಕು. ನೀರು ಸೇರಿ ಹತ್ತಿರ ಹತ್ತಿರ ಎರಡು ಕೆಜಿ. ಇದನ್ನು ಹೊತ್ತು ನಾಯಿ ಓಡಬೇಕು! ಅಷ್ಟು ತಿಂದರೂ ಪ್ರೋಟೀನು 45 ಗ್ರಾಂ ದಾಟುವುದಿಲ್ಲ. ರಾಗಿಯ ಮೇಲೆ ನನಗೆ ಸಿಟ್ಟಿಲ್ಲ, ನಾನೂ ದಿನಾ ಉಣ್ಣುತ್ತೇನೆ. ದುಡಿಯುವ ನಾಯಿಗೆ ಅದೊಂದೇ ಸಾಲದು. ಮೂರು ಮುದ್ದೆ, ನಾಲ್ಕು ಬೇಯಿಸಿದ ಮೊಟ್ಟೆ, ಕೋಳಿ ಅಂಗಡಿಯಲ್ಲಿ ಸಿಗುವ ಚರ್ಮ, ಕೊಬ್ಬು, ಮಾಂಸದ ಚೂರು ಬೇಯಿಸಿದ್ದು 300 ಗ್ರಾಂ, ಎರಡು ದೊಡ್ಡ ಚಮಚ ಶೇಂಗಾ ಎಣ್ಣೆ. ಅಲ್ಲಿಗೆ 2,000 ಆಯಿತು, ತೂಕವೂ ಕಡಿಮೆ. ಎಣ್ಣೆಯ ಪಟ್ಟಣ ಅಂತ ಹೆಸರಾದ ಚಳ್ಳಕೆರೆಯಲ್ಲಿ ನಾಯಿಗೆ ಎರಡು ಚಮಚ ಎಣ್ಣೆ ಸಿಗದಿದ್ದರೆ ಹೇಗೆ? ಆದರೆ ಅರ್ಧ ಚಮಚದಿಂದ ಶುರು ಮಾಡಿ, ವಾರಕ್ಕೆ ಅರ್ಧ ಚಮಚ ಏರಿಸಿ. ಒಂದೇ ದಿನ ಸುರಿದರೆ ಭೇದಿ ಖಂಡಿತ, ಮೇದೋಜೀರಕ ಗ್ರಂಥಿ ಊದಿಕೊಂಡರೆ ಜೀವಕ್ಕೇ ಅಪಾಯ. ಕೊಬ್ಬು ಉರಿಸಲು ಸ್ನಾಯು ಪಳಗುವುದಕ್ಕೂ ಆರೇಳು ವಾರ ಬೇಕು. ಗಣಪತಿ ಹೊತ್ತಿಗೆ ತೆನೆ ಹಾಲುಗಾಳು ಕಟ್ಟುತ್ತದೆ, ಹಂದಿ ಕಾಟ ಆಗಲೇ ಜೋರು. ಅಂದರೆ ನಾಯಿಯ ಊಟ ಜುಲೈ ಕೊನೆಗೇ ಬದಲಾಗಬೇಕು.

ಕೋಳಿಯ ಬೇಯಿಸಿದ ಮೂಳೆ ಬೇಡ, ಸೀಳಿ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ. ಇವು ಹೆಚ್ಚಿನವರಿಗೆ ಗೊತ್ತು.

ಬೂಷ್ಟು ಹಿಡಿದ ಮೆಕ್ಕೆಜೋಳದ ವಿಷಯ ಅಷ್ಟಾಗಿ ಗೊತ್ತಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ರಸ್ತೆ ಮೇಲೆ ಹರಡಿದ ಕಾಳು ಒಣಗುವುದಿಲ್ಲ. ಮಾರಲು ಬಾರದ ಕಪ್ಪು ಕಾಳನ್ನು ನುಚ್ಚು ಮಾಡಿ ನಾಯಿಗೆ ಬೇಯಿಸುತ್ತಾರೆ. ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಕುದಿಸಿದರೆ ಹೋಗುವುದಿಲ್ಲ. ನಾಯಿಯ ಲಿವರ್ ಅದನ್ನು ಸ್ವಲ್ಪವೂ ತಡೆಯುವುದಿಲ್ಲ. ಊಟ ಬಿಡುತ್ತದೆ, ವಾಂತಿ, ಕಣ್ಣು ಒಸಡು ಹಳದಿ. ನನ್ನ ಹತ್ತಿರ ಬರುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಹಳೇ ಶೇಂಗಾ ಹಿಂಡಿಯದೂ ಇದೇ ಕತೆ.

ಇನ್ನೊಂದನ್ನು ಕುರಿ ಸಾಕುವವರು ದಯವಿಟ್ಟು ಗಮನ ಕೊಟ್ಟು ಓದಬೇಕು. ಹಬ್ಬಕ್ಕೆ ಕುರಿ ಕಡಿದಾಗ ಲಿವರ್, ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆ ಸಿಗುತ್ತವೆ. "ಥೂ, ಇದು ಬೇಡ" ಅಂತ ನಾಯಿಗೆ ಎಸೆಯುತ್ತೇವೆ. ಆ ಗುಳ್ಳೆಯೊಳಗೆ ಇರುವುದು ಲಾಡಿಹುಳುವಿನ ಮರಿಗಳು. ನಾಯಿಯ ಕರುಳಿನಲ್ಲಿ ಆರೇಳು ವಾರದಲ್ಲಿ ಬೆಳೆದು ಮೊಟ್ಟೆ ಬಿಡುತ್ತವೆ. ಈ ಹುಳು ಅಕ್ಕಿಕಾಳಿಗಿಂತ ದೊಡ್ಡದೇನಲ್ಲ, ಕಣ್ಣಿಗೆ ಬೀಳುವುದೂ ಕಷ್ಟ. ಮೊಟ್ಟೆ ನಾಯಿಯ ಮಲದ ಜೊತೆ ಹುಲ್ಲಿಗೆ, ಹುಲ್ಲಿನಿಂದ ಮತ್ತೆ ಕುರಿಗೆ. ನಾಯಿ ಮೈ ಸವರಿದ ಕೈ ತೊಳೆಯದೆ ರೊಟ್ಟಿ ಮುರಿದರೆ ನಮಗೆ. ಮನುಷ್ಯರ ಲಿವರಿನಲ್ಲಿ ಆ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ಕೊನೆಗೆ ಆಪರೇಷನ್ ಮಾಡಬೇಕಾಗಬಹುದು. ತಲೆಯ ಮಿದುಳನ್ನು ಹಸಿಯಾಗಿ ಹಾಕಿದರೆ ಇನ್ನೊಂದು ಜಾತಿಯ ಲಾಡಿಹುಳು. ಕುರಿ ಒಂದೇ ಕಡೆ ಸುತ್ತು ಹೊಡೆದು ಬೀಳುವುದು ಬಹಳ ಸಲ ಇದರಿಂದಲೇ. ಗುಳ್ಳೆ ಇರುವ ಭಾಗವನ್ನು ಆಳವಾಗಿ ಹೂಳಿ ಅಥವಾ ಸುಡಿ. ಉಳಿದದ್ದನ್ನು ಚೆನ್ನಾಗಿ ಕುದಿಸಿ ಹಾಕಿ. ಮಂದೆಯ ನಾಯಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಜಂತುಹುಳು ಮಾತ್ರೆ, ತೂಕ ನೋಡಿ. ನಾಯಿಗೆ ಹಾಕಿದ ಊಟವನ್ನು ಹುಳ ತಿನ್ನುವುದು ಯಾಕೆ?

ಕೆಲಸದ ನಡುವೆ ನಾಯಿ ತೂರಾಡಿದರೆ, ಕಾಲು ನಡುಗಿದರೆ ಸಕ್ಕರೆ ಇಳಿದಿರಬಹುದು. ಗಟ್ಟಿ ಬೆಲ್ಲದ ನೀರನ್ನು ಬೆರಳಲ್ಲಿ ಒಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಬಿಸಿಲಿಗೆ ಬಿದ್ದಿದ್ದರೆ ಮಾತು ಬೇರೆ, ಮೊದಲು ನೆರಳು, ಮೈಗೆ ನೀರು. ಕುಡಿಯುವ ನೀರು ಸುಮ್ಮನಿರುವ 25 ಕೆಜಿ ನಾಯಿಗೇ ದಿನಕ್ಕೆ ಒಂದೂಕಾಲು ಲೀಟರ್ ಬೇಕು. ದುಡಿಯುವಾಗ ಅದರ ಎರಡು ಮೂರು ಪಟ್ಟು, ಒಂದೇ ಸಲ ಅಲ್ಲ, ಆಗಾಗ.

ಊಟ ಸಾಕೋ ಇಲ್ಲವೋ ಅನ್ನಲು ತಕ್ಕಡಿ ಬೇಡ. ಅಂಗೈ ಚಪ್ಪಟೆ ಮಾಡಿ ಪಕ್ಕೆ ಮೇಲೆ ಇಡಿ. ಒತ್ತದೆ ಎಲುಬು ಕೈಗೆ ಸಿಗಬೇಕು. ಮುಧೋಳಕ್ಕೆ ಕೊನೆಯ ಎರಡು ಮೂರು ಎಲುಬು ಕಣ್ಣಿಗೂ ಕಂಡರೆ ಸರಿ. ಬೆನ್ನುಮೂಳೆ ಚುಚ್ಚುವಂತಿದ್ದರೆ ಊಟ ಸಾಲುತ್ತಿಲ್ಲ.

ಜಗಳೂರಿನ ಆ ರೈತರು ಈಗ ಇನ್ನೊಂದು ಮರಿ ಬೆಳೆಸಿದ್ದಾರೆ. ಹೋದ ವರ್ಷ ಹೊಲದ ಹತ್ತಿರ ಸಿಕ್ಕಿದ್ದರು. "ಬೆಳಿಗ್ಗೆ ನಮ್ಮ ಮನೇಲಿ ಮೊದಲನೇ ರೊಟ್ಟಿ ಇದಕ್ಕೇ ಸಾರ್, ಆಮೇಲೆ ನನಗೆ" ಅಂದರು. ನಾಯಿ ಚೆನ್ನಾಗಿತ್ತು. ಆದರೆ ಅದು ಜನವರಿ. ಕೊಯ್ಲು ಮುಗಿದು ಎರಡು ತಿಂಗಳಾಗಿತ್ತು, ಊಟ ಮಾತ್ರ ಹಂದಿ ಕಾಲದ್ದೇ ನಡೆದಿತ್ತು. ಪಕ್ಕೆಯ ಮೇಲೆ ಕೈ ಇಟ್ಟೆ. ಎಲುಬು ಹುಡುಕಬೇಕಾಯಿತು. "ಎಣ್ಣೆ ನಿಲ್ಸಿ, ಮೊಟ್ಟೆ ಎರಡಕ್ಕೆ ಇಳಿಸಿ" ಅಂದೆ. ನಾಯಿ ನನ್ನ ಮುಖ ನೋಡಿತು.