ಕೈಬರಹ ಕೆಟ್ಟಿದೆ ಅಂದ್ರೆ ಸಾಲ್ದು, ಹೇಗೆ ಕೆಟ್ಟಿದೆ ಅಂತ ನೋಡ್ಬೇಕು

ನರರೋಗದ ಪಾಠ ಓದ್ತಿರೋರಿಗೆ ಈ ನೋಟ್ಸ್. ಪಾರ್ಕಿನ್ಸನ್ಸ್‌ನಿಂದ (ಮೈ ಚಲನೆ ನಿಧಾನ ಆಗೋ ಮಿದುಳಿನ ಕಾಯಿಲೆ) ಶುರು ಮಾಡ್ತೀನಿ, ಯಾಕಂದ್ರೆ ಅದನ್ನ ನಾನು ನಮ್ಮ ತಾತನ ಹಾಲಿನ ಲೆಕ್ಕದ ನೋಟ್‌ಬುಕ್ಕಲ್ಲೇ ನೋಡಿದ್ದೀನಿ. ಸಾಲಿನ ಶುರುವಲ್ಲಿ 'ಸೋಮವಾರ' ದುಂಡಗೆ ನೀಟಾಗಿರೋದು, ಮುಂದೆ ಹೋಗ್ತಾ ಹೋಗ್ತಾ ಅಕ್ಷರ ಕುಗ್ಗಿ ಇರುವೆ ಸಾಲಿನ ಥರ ಆಗಿ, ಕೊನೇಲಿ 'ಅರ್ಧ ಲೀಟರ್ ಹೆಚ್ಚು' ಅನ್ನೋದ್ರ ಒತ್ತಕ್ಷರ ಮೇಲಿನ ಅಕ್ಷರಕ್ಕೇ ಅಂಟ್ಕೊಂಡು ಬರೀ ಇಂಕಿನ ಚುಕ್ಕಿ ಥರ ಕಾಣ್ತಿತ್ತು. ನಾವು ಕಣ್ಣು ಮಂಜಾಗಿದೆ ಅನ್ಕೊಂಡು ಕನ್ನಡಕ ಬದಲಾಯಿಸಿದ್ವಿ.

ಅಕ್ಷರ ಹೀಗೆ ಕುಗ್ಗೋದಕ್ಕೆ ಮೈಕ್ರೋಗ್ರಾಫಿಯಾ ಅಂತಾರೆ. ಮಿದುಳಲ್ಲಿ ಸಂದೇಶ ಸಾಗಿಸೋ ಡೋಪಮಿನ್ ಅನ್ನೋ ರಾಸಾಯನಿಕ ಕಮ್ಮಿಯಾಗಿ, ಚಲನೆ ನಿಯಂತ್ರಿಸೋ ಮಿದುಳಿನ ಒಳಭಾಗ ಬೇಸಲ್ ಗ್ಯಾಂಗ್ಲಿಯಾ ಸರಿಯಾಗಿ ಕೆಲಸ ಮಾಡದೆ ಇದ್ದಾಗ, ಅಭ್ಯಾಸಬಲದಿಂದ ಆಗೋ ಚಲನೆಗಳು ಪೂರ್ತಿ ಅಳತೆಗೆ ಬರಲ್ಲ. ಹಾಗಂತ ಕೈಯಲ್ಲಿ ಶಕ್ತಿ ಇಲ್ಲ ಅಂತಲ್ಲ, ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ. ಗೆರೆ ಹಾಕಿದ ಹಾಳೆ ಕೊಟ್ಟು "ತಾತ, ಎರಡೂ ಗೆರೆ ಮುಟ್ಟೋ ಹಾಗೆ ಬರೀರಿ" ಅಂದ್ರೆ ಅದೇ ಕೈ ದೊಡ್ಡದಾಗಿ ಬರೆಯೋದು, ಗಮನ ಆಚೀಚೆ ಹೋಯ್ತೋ ಮತ್ತೆ ಚಿಕ್ಕದು.

ಎಸೆನ್ಷಿಯಲ್ ಟ್ರೆಮರ್, ಅಂದ್ರೆ ಕೆಲಸ ಮಾಡುವಾಗ ಕೈ ನಡುಗೋ ಕಾಯಿಲೆ, ಬೇರೆ. ಅಲ್ಲಿ ಅಕ್ಷರ ಕುಗ್ಗಲ್ಲ, ಗೆರೆ ಅಲೆ ಅಲೆಯಾಗುತ್ತೆ, ಅದಕ್ಕೇ ಡಾಕ್ಟರು ಸುರುಳಿ ಬರೆಸಿ ನೋಡೋದು. ಚಲನೆಯ ಹೊಂದಾಣಿಕೆ ನೋಡ್ಕೊಳ್ಳೋ ಮಿದುಳಿನ ಹಿಂಭಾಗ, ಸೆರೆಬೆಲ್ಲಮ್, ಕೆಟ್ರೆ ಅಕ್ಷರ ದೊಡ್ಡದು, ಅಡ್ಡಾದಿಡ್ಡಿ. ಮಿದುಳಿನ ಬಲಭಾಗಕ್ಕೆ ಸ್ಟ್ರೋಕ್ ಆದ ಕೆಲವರು ಹಾಳೆಯ ಎಡಗಡೆ ಖಾಲಿ ಬಿಟ್ಟು ಬರೀತಾರೆ, ಬಿಟ್ಟಿದ್ದು ಅವರಿಗೆ ಗೊತ್ತೇ ಆಗಲ್ಲ. 1892ರಲ್ಲಿ ಫ್ರಾನ್ಸಿನ ಡಾಕ್ಟರ್ ಡೆಜೆರಿನ್ ವಿವರಿಸಿದ ರೋಗಿ ಸರಾಗವಾಗಿ ಬರೀತಿದ್ರು, ಆದ್ರೆ ತಾವೇ ಬರೆದಿದ್ದನ್ನ ಓದೋಕೆ ಆಗ್ತಿರ್ಲಿಲ್ಲ! ಓದೋದು, ಬರೆಯೋದು ಮಿದುಳಲ್ಲಿ ಬೇರೆ ಬೇರೆ ದಾರಿ ಅಂತ ಇದರಿಂದ ಅರ್ಥ ಆಗುತ್ತೆ.

ನನಗೆ ತುಂಬಾ ಸಂಕಟ ಆಗೋದು ರೈಟರ್ಸ್ ಕ್ರ್ಯಾಂಪ್ ಬಗ್ಗೆ ಓದಿದಾಗ. ಇದು ಡಿಸ್ಟೋನಿಯಾದ (ಸ್ನಾಯುಗಳು ತಾವಾಗೇ ಬಿಗಿಯಾಗಿ ತಿರುಚ್ಕೊಳ್ಳೋ ತೊಂದರೆ) ಒಂದು ಬಗೆ, ಪೆನ್ ಹಿಡಿದ ತಕ್ಷಣ ಬೆರಳು ಬಿಗಿಯಾಗಿ ಮಣಿಕಟ್ಟು ತಿರುಚ್ಕೊಳ್ಳುತ್ತೆ, ಆದ್ರೆ ಎಷ್ಟೋ ಜನರಿಗೆ ಊಟ ಮಾಡೋಕೆ ಗುಂಡಿ ಹಾಕೋಕೆ ಏನೂ ತೊಂದರೆ ಇರಲ್ಲ, ಹಾಗಾಗಿ ನೋಡೋರು ನಾಟಕ ಅಂದ್ಬಿಡ್ತಾರೆ. ಈ ತೊಂದರೆ ಇದ್ದ ವಿಕಾಸ್ ಕುಮಾರ್ ಅವರಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಸ್ಕ್ರೈಬ್, ಅಂದ್ರೆ ಹೇಳಿದ್ದನ್ನ ಬರೆದುಕೊಡೋರನ್ನ, ಕೊಡಲಿಲ್ಲ, ಕೇಸ್ ಸುಪ್ರೀಂ ಕೋರ್ಟಿಗೆ ಹೋಯ್ತು. ಶೇ. 40ರಷ್ಟು ಅಂಗವೈಕಲ್ಯ ಇದ್ರೇನೇ ಸ್ಕ್ರೈಬ್ ಅನ್ನೋದು ಸರಿಯಲ್ಲ ಅಂತ 2021ರ ಫೆಬ್ರವರಿಯಲ್ಲಿ ತೀರ್ಪು ಬಂತು. ಅದರ ಮೇಲೆ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ತಂತು. ಕ್ಲಾಸಲ್ಲಿ ಯಾರಿಗಾದ್ರೂ ಈ ಕಷ್ಟ ಇದ್ರೆ ಈಗಲೇ ಹೇಳಿ, ಮೆಡಿಕಲ್ ಸರ್ಟಿಫಿಕೇಟ್ ಮಾಡಿಸೋಕೇ ಟೈಮ್ ಹಿಡಿಯುತ್ತೆ.