ಹಳೇ ಆಯಿಲ್ ಟ್ಯಾಂಕ್ ಸೋರುವವರೆಗೆ ಕಾಯಬೇಡಿ

ಚಳಿ ದೇಶಗಳ ಎಷ್ಟೋ ಮನೆಗಳಲ್ಲಿ ಫರ್ನೇಸ್ ಅನ್ನುವ ದೊಡ್ಡ ಒಲೆಯಲ್ಲಿ ಎಣ್ಣೆ ಉರಿಸಿ ಮನೆ ಬೆಚ್ಚಗಿಡುತ್ತಾರೆ, ಆ ಎಣ್ಣೆ ತುಂಬಿಡುವುದು ಮನೆಯ ಟ್ಯಾಂಕಿನಲ್ಲಿ. ಫರ್ನೇಸ್ ಸರ್ವೀಸಿಗೆ ಹೋದ ಮನೆಗಳಲ್ಲಿ ನನಗೆ ತುಂಬಾ ಸಲ ಎದುರಾಗುವ ಪ್ರಶ್ನೆ ಇದು: "ಟ್ಯಾಂಕ್ ಹಳೇದು, ನಿಜ. ಆದ್ರೆ ನೋಡೋಕೆ ಚೆನ್ನಾಗೇ ಇದೆ. ಇನ್ನೊಂದೆರಡು ವರ್ಷ ನಡೆಯುತ್ತೆ ಅಲ್ವಾ?"

ನಡೆಯಲೂಬಹುದು. ಆದರೆ ಹೊರಗಿನಿಂದ ನೋಡಿ ಅದನ್ನು ಹೇಳಲು ನನ್ನಿಂದ ಆಗುವುದಿಲ್ಲ, ಬೇರೆ ಯಾರಿಂದಲೂ ಆಗುವುದಿಲ್ಲ. ಉಕ್ಕಿನ ಟ್ಯಾಂಕಿಗೆ ತುಕ್ಕು ಹಿಡಿಯುವುದು ಹೆಚ್ಚಾಗಿ ಒಳಗಿನಿಂದ, ಅದೂ ತಳದಲ್ಲಿ. ಎಣ್ಣೆಯ ಮೇಲೆ ಖಾಲಿ ಇರುವ ಜಾಗದಲ್ಲಿ ಗಾಳಿ ಇರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. ಟ್ಯಾಂಕ್ ತಣ್ಣಗಾದಾಗ ಆ ತೇವ ಒಳಗೋಡೆಗೆ ಹನಿಗಟ್ಟುತ್ತದೆ, ತಣ್ಣೀರು ತುಂಬಿದ ಚೊಂಬು ಬೆವರುವ ಹಾಗೆ. ನೀರು ಎಣ್ಣೆಗಿಂತ ಭಾರ. ಹಾಗಾಗಿ ಹನಿಗಳು ಇಳಿದು ತಳ ಸೇರುತ್ತವೆ, ಅಲ್ಲೇ ಉಳಿಯುತ್ತವೆ. ನೀರು ಮತ್ತು ಎಣ್ಣೆ ಸೇರುವ ಗಡಿಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆಯುತ್ತವೆ. ಅವು ಬಿಡುವ ಆಮ್ಲ ಲೋಹವನ್ನು ತಿನ್ನುತ್ತದೆ. ಇದರ ಜೊತೆಗೆ ತುಕ್ಕಿನ ಪುಡಿ ಸೇರಿ ತಳದಲ್ಲಿ ಕಪ್ಪು ಕೆಸರು ಕಟ್ಟುತ್ತದೆ. ಈ ಕೆಸರನ್ನು ನಾವು ಸ್ಲಡ್ಜ್ ಅನ್ನುತ್ತೇವೆ.

ಅಮೆರಿಕದ ಮನೆಗಳಲ್ಲಿ ಜಾಸ್ತಿ ಕಾಣುವ 275 ಗ್ಯಾಲನ್ (ಸುಮಾರು 1,040 ಲೀಟರ್) ಟ್ಯಾಂಕಿನ ತಗಡು 12 ಗೇಜಿನದಾದರೆ ದಪ್ಪ ಸುಮಾರು 2.7 ಮಿಲಿಮೀಟರ್. 14 ಗೇಜಿನದಾದರೆ 1.9. ತುಕ್ಕು ಇದನ್ನು ಒಂದೇ ಸಮ ಸವೆಸಿದರೆ ಟ್ಯಾಂಕ್ ಬಹಳ ಕಾಲ ಬಾಳುತ್ತದೆ. ಆದರೆ ಅದು ಹಾಗೆ ಸವೆಸುವುದಿಲ್ಲ. ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಅಲ್ಟ್ರಾಸೌಂಡ್ ಉಪಕರಣದಿಂದ ತಗಡಿನ ದಪ್ಪ ಅಳೆಯಬಹುದು, ಅದು ಉಪಯೋಗದ ಪರೀಕ್ಷೆಯೇ. ಆದರೆ ಅಳೆಯುವುದು ಕೆಲವು ಜಾಗಗಳಲ್ಲಿ ಮಾತ್ರ. ತೂತು ಬೀಳುವುದು ಅಳೆದ ಎರಡು ಜಾಗಗಳ ನಡುವೆಯೂ ಆಗಬಹುದು. "ತೆಳುವಾಗಿದೆ" ಅಂತ ಫಲಿತಾಂಶ ಬಂದರೆ ನಂಬಿ. "ಚೆನ್ನಾಗಿದೆ" ಅಂತ ಬಂದರೆ ಅರ್ಧ ನಂಬಿ.

ಮನೆಯವರೇ ಮಾಡಬಹುದಾದ ಪರೀಕ್ಷೆಯೂ ಉಂಟು. ಟಾರ್ಚ್ ಹಿಡಿದು ಟ್ಯಾಂಕಿನ ಹೊಟ್ಟೆಯ ಕೆಳಗೆ ಬರಿಗೈ ಆಡಿಸಿ. ಒದ್ದೆಯಾಯಿತಾ? ಕೈ ಮೂಸಿ ನೋಡಿ. ಎಣ್ಣೆ ವಾಸನೆ ಬಂದರೆ ಟ್ಯಾಂಕ್ ಜಿನುಗಲು ಶುರುವಾಗಿದೆ. ಕಾಲುಗಳ ಬುಡ, ಬೆಸುಗೆಯ ಸಾಲು, ವಾಲ್ವ್ ಸೇರುವ ಜಾಗ, ಇವನ್ನೂ ನೋಡಿ. ಗುಳ್ಳೆ ಎದ್ದ ಬಣ್ಣ ಕಂಡರೆ ಅದನ್ನು ಕೆರೆಯಲು ಮಾತ್ರ ಹೋಗಬೇಡಿ. ಎಷ್ಟೋ ಸಲ ತೂತನ್ನು ಮುಚ್ಚಿಕೊಂಡಿರುವುದು ಆ ತುಕ್ಕೇ. ವೈರ್ ಬ್ರಷ್ ಹಾಕಿದರೆ ಎಣ್ಣೆ ಧಾರೆಯಾಗಿ ಸುರಿಯುತ್ತದೆ, ಅದೂ ಭಾನುವಾರ ಸಂಜೆಯೇ! ಜಿನುಗುವ ಜಾಗಕ್ಕೆ ಅಂಟಿಸುವ ಅಯಸ್ಕಾಂತದ ಪ್ಯಾಚ್ ಸಿಗುತ್ತದೆ. ಅದು ಹೊಸ ಟ್ಯಾಂಕ್ ಬರುವವರೆಗಿನ ದಾರಿ, ದುರಸ್ತಿಯಲ್ಲ. ಒಳಗೆ ನೀರು ಎಷ್ಟಿದೆ ಅಂತ ನೋಡಲು ಕೋಲಿನ ತುದಿಗೆ ಹಚ್ಚುವ ಒಂದು ಪೇಸ್ಟ್ ಇದೆ, ನೀರು ತಗುಲಿದರೆ ಬಣ್ಣ ಬದಲಾಗುತ್ತದೆ. ಪ್ಲಾಸ್ಟಿಕ್ ಟ್ಯಾಂಕಾದರೆ ತುಕ್ಕಿನ ಚಿಂತೆ ಇಲ್ಲ, ಬಿಸಿಲಿನ ಚಿಂತೆ ಇದೆ. ಬಣ್ಣ ಬಿಳಿಚಿಕೊಳ್ಳುವುದು, ಕೂದಲೆಳೆಯಂಥ ಬಿರುಕು, ಪಕ್ಕ ಉಬ್ಬುವುದು ಅದರ ಲಕ್ಷಣಗಳು.

ಕಾಯಬೇಡಿ ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣ ಟ್ಯಾಂಕಿನ ಬೆಲೆಯಲ್ಲ. ಸೋರಿದ ಎಣ್ಣೆ ಕಾಂಕ್ರೀಟಿನೊಳಗೆ ಇಳಿಯುತ್ತದೆ, ಅಲ್ಲಿಂದ ಮಣ್ಣಿಗೆ, ಮಣ್ಣಿನಿಂದ ಬಾವಿಗೆ. ವಾಸನೆ ತಿಂಗಳುಗಟ್ಟಲೆ ಮನೆ ಬಿಡುವುದಿಲ್ಲ. ಮಣ್ಣು ಅಗೆದು ಸಾಗಿಸುವ ಖರ್ಚಿನ ಮುಂದೆ ಹೊಸ ಟ್ಯಾಂಕಿನ ಖರ್ಚು ಏನೂ ಅಲ್ಲ. ನಿಧಾನವಾಗಿ ಸೋರಿದ್ದಕ್ಕೆ ಎಷ್ಟೋ ಮನೆ ವಿಮೆಗಳು ದುಡ್ಡು ಕೊಡುವುದಿಲ್ಲ. ನಿಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಈಗಲೇ ಓದಿಕೊಳ್ಳಿ.

ಟ್ಯಾಂಕ್ ಕೊಳ್ಳುವ ಮೊದಲು ಇನ್ನೊಂದು ಯೋಚನೆ. ಎಣ್ಣೆ ಉರಿಸುವ ಬರ್ನರ್, ಅದರ ಶಾಖದಿಂದ ನೀರು ಕಾಯಿಸುವ ಬಾಯ್ಲರ್ ಕೂಡ ಮುದಿಯಾಗಿದ್ದರೆ ಎಣ್ಣೆಯಲ್ಲೇ ಮುಂದುವರಿಯಬೇಕಾ? ನಾರ್ವೆಯಲ್ಲಿ 2020ರಿಂದ ಕಟ್ಟಡಗಳನ್ನು ಬಿಸಿ ಮಾಡಲು ಖನಿಜ ತೈಲ ಉರಿಸುವುದನ್ನೇ ನಿಷೇಧಿಸಿದ್ದಾರೆ. ಬೇರೆ ಕೆಲವು ದೇಶಗಳೂ ಅದೇ ದಿಕ್ಕಿನಲ್ಲಿವೆ. ಬಾಯ್ಲರಿಗೆ ಇನ್ನೂ ಆಯುಸ್ಸಿದ್ದರೆ ಟ್ಯಾಂಕ್ ಮಾತ್ರ ಬದಲಾಯಿಸಿ. ಎರಡೂ ಒಟ್ಟಿಗೆ ಕೈಕೊಡುವ ಹಾಗಿದ್ದರೆ, ಹೊರಗಿನ ಶಾಖವನ್ನು ವಿದ್ಯುತ್ತಿನಿಂದ ಒಳಗೆಳೆದು ತರುವ ಹೀಟ್ ಪಂಪಿನ ಲೆಕ್ಕವನ್ನೂ ಒಮ್ಮೆ ಹಾಕಿ. ನನ್ನ ಹೊಟ್ಟೆಪಾಡು ಎಣ್ಣೆಯದೇ ಆದರೂ ಇದನ್ನು ಹೇಳಲೇಬೇಕು.

ಹೊಸದು ಯಾವುದು? ನನ್ನ ಆಯ್ಕೆ ಎರಡು ಗೋಡೆಯ ಟ್ಯಾಂಕ್. ಒಳಗಿನ ಪಾತ್ರೆ ಸೋರಿದರೂ ಹೊರಗಿನದು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಳಗೆ ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್, ಹೊರಗೆ ಸತು ಲೇಪಿಸಿದ ಉಕ್ಕು ಇರುವ ಬಗೆಯಲ್ಲಿ ಒಳಗಿನ ತುಕ್ಕಿನ ಮಾತೇ ಬರುವುದಿಲ್ಲ. ಬ್ರಿಟನ್ನಿನಲ್ಲಿ ಇಂಥದ್ದಕ್ಕೆ ಬಂಡೆಡ್ ಟ್ಯಾಂಕ್ ಅನ್ನುತ್ತಾರೆ. ಒಳಗಿನ ಟ್ಯಾಂಕ್ ಹಿಡಿಯುವುದರ 110 ಶೇಕಡಾ ಎಣ್ಣೆಯನ್ನು ಹೊರಗಿನದು ಹಿಡಿಯಬೇಕು ಅನ್ನುವುದು ಅಲ್ಲಿನ ಅಳತೆ. ಬೇಸ್‌ಮೆಂಟಿಗೆ ಇಡುವುದಾದರೆ ಮೊದಲು ಬಾಗಿಲು, ಮೆಟ್ಟಿಲು, ತಿರುವು ಅಳೆಯಿರಿ. ಸಾಮಾನ್ಯ 275 ಗ್ಯಾಲನ್ ಟ್ಯಾಂಕ್ 27 ಇಂಚು ಅಗಲ, 44 ಇಂಚು ಎತ್ತರ, 60 ಇಂಚು ಉದ್ದ. ಮನೆ ಕಟ್ಟುವಾಗಲೇ ಟ್ಯಾಂಕ್ ಇಳಿಸಿ ಆಮೇಲೆ ಗೋಡೆ ಎಬ್ಬಿಸಿದವರೂ ಇದ್ದಾರೆ.

ಬರ್ನರಿಗೆ ಹೋಗುವ ಎಣ್ಣೆಯನ್ನು ಟ್ಯಾಂಕಿನ ಮೇಲಿನಿಂದ ತೆಗೆಯಬೇಕಾ, ಕೆಳಗಿನಿಂದಲಾ ಅನ್ನುವುದು ನಮ್ಮವರಲ್ಲಿ ಮುಗಿಯದ ಜಗಳ. ಕೆಳಗಿನಿಂದ ತೆಗೆದರೆ ತಳದ ನೀರು ಸ್ವಲ್ಪ ಸ್ವಲ್ಪವೇ ಫಿಲ್ಟರಿಗೆ ಬಂದುಬಿಡುತ್ತದೆ, ಉಕ್ಕಿನ ಟ್ಯಾಂಕಿಗೆ ಅದು ಒಳ್ಳೆಯದು. ಟ್ಯಾಂಕನ್ನು ಎಣ್ಣೆ ಹೊರಬರುವ ಕಡೆಗೆ ತುಸು ವಾಲಿಸಿ ಕೂರಿಸುವುದೂ ಅದಕ್ಕೇ. ಆದರೆ ಕೆಳಗಿನ ಪೈಪ್ ಒಡೆದರೆ ಪೂರ್ತಿ ಟ್ಯಾಂಕ್ ನೆಲಕ್ಕೆ ಖಾಲಿಯಾಗುತ್ತದೆ. ಮೇಲಿನಿಂದ ತೆಗೆದರೆ ಆ ಭಯ ಕಡಿಮೆ. ಬರ್ನರ್ ಕೆಳಮಟ್ಟದಲ್ಲಿದ್ದರೆ ಎಣ್ಣೆ ತಾನಾಗಿ ಹರಿದು ಹೋಗದಂತೆ ಆಂಟಿ ಸೈಫನ್ ವಾಲ್ವ್ ಮಾತ್ರ ಬೇಕೇ ಬೇಕು. ಉಕ್ಕಿನ ಒಂಟಿ ಗೋಡೆಯ ಟ್ಯಾಂಕಿಗೆ ಕೆಳಗಿನ ದಾರಿ, ಪ್ಲಾಸ್ಟಿಕ್ ಒಳಗೋಡೆಯದಕ್ಕೆ ಮೇಲಿನ ದಾರಿ ಅಂತ ನಾನು ಹೇಳುತ್ತೇನೆ. ಒಪ್ಪದವರು ಒಪ್ಪದಿರಲಿ.

ತುಂಬಿದ ಟ್ಯಾಂಕ್ ಸುಮಾರು ಒಂದು ಟನ್ ತೂಗುತ್ತದೆ. ಹಂಚು, ಇಟ್ಟಿಗೆ ತುಂಡು, ಸುಮ್ನೆ ಮಟ್ಟ ಮಾಡಿದ ಮಣ್ಣು, ಇದ್ಯಾವುದೂ ಅದನ್ನು ತಾಳುವುದಿಲ್ಲ. ಹೊರಗೆ ಇಡುವುದಾದರೆ ಗಟ್ಟಿ ಕಾಂಕ್ರೀಟ್ ಹಾಸು ಬೇಕು. ಪ್ಲಾಸ್ಟಿಕ್ ಟ್ಯಾಂಕಿನ ತಳಕ್ಕೆ ಉದ್ದಗಲಕ್ಕೂ ಆಸರೆ ಬೇಕು, ಇಲ್ಲದಿದ್ದರೆ ಆಧಾರ ಇಲ್ಲದ ಕಡೆ ಜೋತು ಬಿದ್ದು ಸೀಳುತ್ತದೆ. ಬೆಂಕಿಯಿಂದ, ಗೋಡೆಯಿಂದ, ಪಕ್ಕದ ಮನೆಯ ಗಡಿಯಿಂದ ಎಷ್ಟು ದೂರ ಅನ್ನುವುದು ಆಯಾ ದೇಶದ ನಿಯಮ. ಅಮೆರಿಕದಲ್ಲಿ ಒಳಗಿನ ಟ್ಯಾಂಕ್ ಉರಿಯುವ ಸಾಧನದಿಂದ 5 ಅಡಿ ದೂರ ಇರಬೇಕು. ಬ್ರಿಟನ್ನಿನಲ್ಲಿ ಹೊರಗಿನ ಟ್ಯಾಂಕಿಗೂ ಕಿಟಕಿ ಬಾಗಿಲಿಗೂ ನಡುವೆ 1.8 ಮೀಟರ್.

ಕೆಲಸಕ್ಕೆ ಬೇಸಿಗೆ ಒಳ್ಳೆಯದು. ಚಳಿಗಾಲದಲ್ಲಿ ಟ್ಯಾಂಕ್ ಬಿಚ್ಚಿದರೆ ಅಷ್ಟು ಹೊತ್ತು ಮನೆ ತಣ್ಣಗೆ. ಬಿಚ್ಚುವ ಹೊತ್ತಿಗೆ ಎಣ್ಣೆ ಕಾಲು ಭಾಗಕ್ಕೆ ಇಳಿದಿರಲಿ, ತೀರಾ ಖಾಲಿ ಬೇಡ. ಖಾಲಿಯಾಗುತ್ತಾ ಬಂದಾಗ ಬರ್ನರಿಗೆ ಹೋಗುವುದು ಸ್ಲಡ್ಜ್. ಉಳಿದ ಎಣ್ಣೆಯನ್ನು ಹೊಸದಕ್ಕೆ ಸುರಿಯಬೇಕಾ? ಮೇಲಿನ ತಿಳಿ ಎಣ್ಣೆಯನ್ನು ಫಿಲ್ಟರ್ ಮಾಡಿ ಸುರಿಯಬಹುದು. ನನ್ನನ್ನು ಕೇಳಿದರೆ ಅದೂ ಬೇಡ. ಹಳೆಯ ಬ್ಯಾಕ್ಟೀರಿಯಾವನ್ನು ಹೊಸ ಮನೆಗೆ ಕರೆದುಕೊಂಡು ಹೋದ ಹಾಗಾಗುತ್ತದೆ. ಸುರಿಯಲೇಬೇಕು ಅಂತಿದ್ದರೆ ಹೊಸ ಟ್ಯಾಂಕಿನ ವಾರಂಟಿ ಕಾಗದದಲ್ಲಿ ಈ ಬಗ್ಗೆ ಏನು ಬರೆದಿದೆ ನೋಡಿಕೊಳ್ಳಿ. ತಳದ ಕೆಸರು ಅಪಾಯಕಾರಿ ತ್ಯಾಜ್ಯ. ಅದನ್ನು ಪರವಾನಗಿ ಇದ್ದವರೇ ಒಯ್ಯಬೇಕು. ಹಳೆಯ ಟ್ಯಾಂಕನ್ನು ಬೇಸ್‌ಮೆಂಟಿನಲ್ಲಿ ತುಂಡು ಮಾಡುವಾಗ ಗ್ಯಾಸ್ ಕಟರ್ ತಂದವರನ್ನು ವಾಪಸ್ ಕಳಿಸಿ. ಎಣ್ಣೆಯ ಆವಿ ಉಳಿದ ಟ್ಯಾಂಕಿಗೆ ಕಿಡಿ ತೋರಿಸಬಾರದು. ಒಳಗನ್ನು ಒರೆಸಿ, ಗಾಳಿಯಾಡಿಸಿ, ಗರಗಸದಿಂದ ಕೊಯ್ಯುವುದು ಸರಿಯಾದ ಕ್ರಮ.

ಇನ್ನು ಎಲ್ಲರೂ ಮರೆಯುವ ಪೈಪಿನ ವಿಷಯ. ಟ್ಯಾಂಕ್ ತೆಗೆದವರು ಗೋಡೆಯಿಂದ ಹೊರಗೆ ಚಾಚಿಕೊಂಡಿರುವ ತುಂಬುವ ಪೈಪನ್ನು ಹಾಗೇ ಬಿಟ್ಟು ಹೋದರು ಅನ್ನಿ. ಎಣ್ಣೆ ಲಾರಿಯವರಿಗೆ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಅವರ ಪಟ್ಟಿಯಲ್ಲಿ ನಿಮ್ಮ ವಿಳಾಸ ಇನ್ನೂ ಇದೆ. ಬಂದು ಮೆದುಗೊಳವೆ ಜೋಡಿಸಿ ಪಂಪ್ ಹಾಕುತ್ತಾರೆ. ಎಣ್ಣೆಯೆಲ್ಲ ನೇರ ಬೇಸ್‌ಮೆಂಟಿನ ನೆಲಕ್ಕೆ. ಪಂಪು ನಿಮಿಷಕ್ಕೆ ಹತ್ತಾರು ಗ್ಯಾಲನ್ ತಳ್ಳುತ್ತದೆ, ಯಾರಾದರೂ ಕೂಗಿ ಹೇಳುವಷ್ಟರಲ್ಲಿ ಮನೆ ವಾಸಕ್ಕೆ ಆಗದ ಸ್ಥಿತಿಗೆ ಬಂದಿರುತ್ತದೆ. ಇದು ಹೆದರಿಸಲು ಕಟ್ಟಿದ ಕಥೆಯಲ್ಲ, ನಿಜಕ್ಕೂ ಮನೆಗಳಲ್ಲಿ ನಡೆದಿರುವುದು. ಮುಚ್ಚಳ ಬಿಗಿಮಾಡಿದರೆ ಸಾಲದು, ಮುಚ್ಚಳವನ್ನು ಯಾರು ಬೇಕಾದರೂ ತಿರುಗಿಸಿ ತೆಗೆಯಬಹುದು. ಹಳೆಯ ಟ್ಯಾಂಕ್ ಹೊರಬೀಳುವ ದಿನವೇ ಅದರ ತುಂಬುವ ಪೈಪ್, ಗಾಳಿ ಪೈಪ್ ಎರಡೂ ಕಿತ್ತು ಬರಬೇಕು, ಗೋಡೆಯ ತೂತು ಸಿಮೆಂಟಿನಿಂದ ಮುಚ್ಚಬೇಕು. ಹೊಸ ಟ್ಯಾಂಕಿಗೆ ಅದೇ ಪೈಪ್ ಬಳಸುವುದಾದರೂ ಜೋಡಣೆ ಮುಗಿಯುವವರೆಗೆ ಎಣ್ಣೆ ಕಳಿಸಬೇಡಿ ಅಂತ ಕಂಪನಿಗೆ ಫೋನ್ ಮಾಡಿ, ಆಮೇಲೆ ಬರಹದಲ್ಲೂ ತಿಳಿಸಿ.

ಗಾಳಿ ಪೈಪಿಗೂ ಅಷ್ಟೇ ಮರ್ಯಾದೆ ಕೊಡಿ. ಎಣ್ಣೆ ಒಳಗೆ ನುಗ್ಗುವಾಗ ಗಾಳಿ ಹೊರಗೆ ಹೋಗಲೇಬೇಕು. ಕಣಜ ಗೂಡು ಕಟ್ಟಿದ ಪೈಪಿನಿಂದ ಗಾಳಿ ಹೋಗದೆ ಟ್ಯಾಂಕಿನ ಬೆಸುಗೆ ಬಿಟ್ಟುಕೊಳ್ಳಬಹುದು. ಆ ದಾರಿಯಲ್ಲೇ ಒಂದು ಸೀಟಿ ಕೂರಿಸಿರುತ್ತಾರೆ. ಗಾಳಿ ಹೋಗುವವರೆಗೆ ಸೀಟಿ ಕೂಗುತ್ತದೆ. ಎಣ್ಣೆ ಮೇಲೇರಿ ಅದರ ಕೊಳವೆಯ ತುದಿ ಮುಟ್ಟಿದಾಗ ನಿಲ್ಲುತ್ತದೆ. ಲಾರಿಯವರು ಪಂಪ್ ನಿಲ್ಲಿಸುವುದು ಆ ಸದ್ದು ಕೇಳಿ. ಹಳೆಯ ಸೀಟಿಯನ್ನು ಹೊಸ ಟ್ಯಾಂಕಿಗೆ ಹಾಕಿಸಿಕೊಳ್ಳಬೇಡಿ.

ಬರ್ನರಿಗೆ ಹೋಗುವ ತಾಮ್ರದ ಕೊಳವೆ ಕಾಂಕ್ರೀಟಿನೊಳಗೆ ಹೂತಿದ್ದರೆ ಇದೇ ಸಮಯದಲ್ಲಿ ಅದನ್ನೂ ಬಿಟ್ಟುಬಿಡಿ. ಕಾಂಕ್ರೀಟಿನಲ್ಲಿ ತಾಮ್ರ ಕಣ್ಣಿಗೆ ಕಾಣದ ಹಾಗೆ ಸವೆಯುತ್ತದೆ. ಪ್ಲಾಸ್ಟಿಕ್ ಕವಚವಿರುವ ಹೊಸ ಕೊಳವೆಯನ್ನು ಕಾಣುವ ಹಾಗೆ ಎಳೆಸಿ. ಬೆಂಕಿಯ ಶಾಖ ತಗುಲಿದರೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಇರಲಿ. ಫಿಲ್ಟರ್, ಎಣ್ಣೆ ಸಿಂಪಡಿಸುವ ನಾಜಲ್, ಪಂಪಿನ ಜಾಲರಿ ಬದಲಾಯಿಸದೆ ಬರ್ನರ್ ಹಚ್ಚಬೇಡಿ.

ನೆಲದೊಳಗೆ ಹೂತ ಟ್ಯಾಂಕ್ ಬೇರೆಯದೇ ಅಧ್ಯಾಯ. ಅದನ್ನು ತೆಗೆದರೂ ಸರಿ, ಕೆಲವು ಕಡೆ ಅನುಮತಿ ಇರುವಂತೆ ಖಾಲಿ ಮಾಡಿ ಮರಳೋ ಫೋಮೋ ತುಂಬಿಸಿದರೂ ಸರಿ, ಸುತ್ತಲಿನ ಮಣ್ಣಿನ ಪರೀಕ್ಷೆ ಮಾಡಿಸಿ. ಯಾವ ಟ್ಯಾಂಕೇ ಆಗಲಿ, ತೆಗೆದ ಬಗೆಗಿನ ಪ್ರಮಾಣಪತ್ರವನ್ನು ಮನೆಯ ಕಾಗದಪತ್ರದ ಜೊತೆ ಇಡಿ. ಮನೆ ಮಾರುವ ದಿನ ಕೊಳ್ಳುವವರು ಕೇಳುತ್ತಾರೆ.

ಹೊಸ ಟ್ಯಾಂಕಿಗೆ ಮೊದಲ ಸಲ ಎಣ್ಣೆ ಹಾಕುವಾಗ ನೀವು ಮನೆಯಲ್ಲಿರಿ. ಪೂರ್ತಿ ತುಂಬಿಸಬೇಡಿ, ಮೊದಲು ಸ್ವಲ್ಪ ಹಾಕಿಸಿ. ಸೀಟಿ ಕೂಗಿತಾ ಕೇಳಿ. ಅಳತೆಯ ಗೇಜು ಏರಿತಾ ನೋಡಿ. ಪ್ರತಿ ಜೋಡಣೆಯ ಕೆಳಗೂ ಒಂದು ತುಂಡು ಬಿಳಿ ಕಾಗದ ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಕಲೆ ಇದ್ದರೆ ಉಳಿದ ಎಣ್ಣೆ ಹಾಕಿಸುವ ಮುಂಚೆ, ಉಳಿದ ದುಡ್ಡು ಕೊಡುವ ಮುಂಚೆಯೂ, ಕೂರಿಸಿದವರನ್ನು ವಾಪಸ್ ಕರೆಸಿ.